ಎಂಟು ಪಾಠದ ಎಸ್ಟಿಮೇಟು

ನಾನು ಓದು ನಿಲ್ಲಿಸಿದ್ದು ೧೯೭೪ರಲ್ಲಿ, ಏಳನೇ ಕ್ಲಾಸಿನ ಮಧ್ಯದಲ್ಲಿ. ಚಿನಕುರಳಿ ಹತ್ತಿರದ ಕಲ್ಲು ಕ್ವಾರೆಯಲ್ಲಿ ಅಪ್ಪನ ಕಾಲ ಮೇಲೆ ಕಲ್ಲು ಉರುಳಿತು. ಮಾರನೇ ವಾರ ನಾನು ಗಾರೆ ಬಾಂಡ್ಲಿ ಹೊತ್ತೆ. ಕನಿಕರ ಪಡಲಿ ಅಂತ ಇದನ್ನು ಹೇಳುತ್ತಿಲ್ಲ. ಇಪ್ಪತ್ತೈದನೇ ವಯಸ್ಸಿಗೆ ಮೇಸ್ತ್ರಿ ಆದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಹೇಳಿದ ಖರ್ಚಿಗೂ ಮನೆ ಮುಗಿದಾಗ ಆದ ಖರ್ಚಿಗೂ ಐದು ಸಾವಿರಕ್ಕಿಂತ ಜಾಸ್ತಿ ವ್ಯತ್ಯಾಸ ಬಂದದ್ದಿಲ್ಲ. ಸಿಮೆಂಟ್ ಚೀಲದ ಕಾಗದ ಹರಿದು ಅದರ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಡುತ್ತಿದ್ದೆ. ಅದನ್ನೇ ಟೈಪು ಮಾಡಿಸಿ ತಮ್ಮ ಸೀಲು ಒತ್ತಿಕೊಂಡ ಇಂಜಿನಿಯರುಗಳೂ ಇದ್ದಾರೆ.

ಹೋದ ತಿಂಗಳು ತೀರಿಕೊಂಡ ಒಬ್ಬರ ವಿಷಯ ಬರೆಯಬೇಕು ಅಂತ ಕೂತಿದ್ದೇನೆ. ಹೆಸರು ಬೇಡ. ಜನ ಅವರನ್ನು ಹೆಲ್ತ್ ಸಾರು ಅನ್ನುತ್ತಿದ್ದರು. ಊರೂರಿಗೆ ಹೋಗಿ ಕಾಯಿಲೆ ಬರದ ಹಾಗೆ ಇರುವುದು ಹೇಗೆ ಅಂತ ಜನರಿಗೆ ಹೇಳುವುದು ಅವರ ನೌಕರಿ. ಸೈಕಲ್ಲಿನ ಬಾರಿಗೆ ಚಿತ್ರದ ಪಟಗಳನ್ನು ಸುರುಳಿ ಸುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಮೊದಲ ಸಲ ನೋಡಿದ್ದು ಕ್ಯಾತನಹಳ್ಳಿಯಲ್ಲಿ. ಅಲ್ಲಿ ಕಬ್ಬಿನ ಗದ್ದೆಯ ಪಕ್ಕ ಒಂದು ಮನೆ ಕೆಲಸ ಹಿಡಿದಿದ್ದೆ. ಹೊಸ ಗೋಡೆಗೆ ನೀರು ಹೊಡೆಯಲು ತೊಟ್ಟಿ ಕಟ್ಟಿ ತುಂಬಿಸಿದ್ದೆವು. ಒಂದು ದಿನ ಬಂದವರೇ ಆ ತೊಟ್ಟಿಗೆ ಒಂದು ಗಾಜಿನ ಲೋಟ ಅದ್ದಿ, ಮೇಲೆತ್ತಿ, ಬಿಸಿಲಿಗೆ ಹಿಡಿದರು.

"ಮೇಸ್ತ್ರಿ ಯಾರಯ್ಯ?"

"ನಾನೇ. ಏನಾಗ್ಬೇಕಿತ್ತು?"

"ಇದ್ರಲ್ಲಿ ಏನೈತೆ?"

"ನೀರು."

"ಕಣ್ ಬುಟ್ಟು ನೋಡು."

ನೂಲಿನ ಚೂರಿನಂಥ ಹುಳ ಮೇಲೆ ಕೆಳಗೆ ಕುಣಿಯುತ್ತಿದ್ದವು. "ಇನ್ನೊಂದು ವಾರುಕ್ಕೆ ಇವು ಸೊಳ್ಳೆಯಾಗಿ ನಿನ್ನ ಆಳ್ಗಳ್ನೇ ಕಚ್ಚದು. ವಾರುಕ್ಕೊಂದ್ ದಿನ ತೊಟ್ಟಿ ಬರಿದ್ ಮಾಡಿ, ಉಜ್ಜಿ, ಒಣಗುಸ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಬುಡಿ."

"ಏನ್ ಗೊತ್ತಾಯ್ತು? ಏಳು ನೋಡಾನ."

ಹದಿನಾರು ಆಳಿನ ಮುಂದೆ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಗಾರೆ ಕಲಸುತ್ತಿದ್ದ ಹೆಂಗಸೊಬ್ಬಳು, "ಏಳಿ ಮೇಸ್ತ್ರಿ, ಬಾಯ್ಪಾಠ ಬರಾಕಿಲ್ವಾ?" ಅಂದಳು. ಎಲ್ಲ ನಕ್ಕರು. ಹಲ್ಲು ಕಚ್ಚಿಕೊಂಡು ಪೂರ್ತಿ ಒಪ್ಪಿಸಿದೆ. ಅವರು ನಗಲಿಲ್ಲ. "ಸರಿಯಾಗ್ ಏಳ್ದೆ" ಅಂತ ಹೇಳಿ ಲೋಟ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದರು. ಮುಂದಿನ ವಾರ ಬಂದು ನೋಡಿದಾಗ ತೊಟ್ಟಿ ಒಣಗಿತ್ತು. ಅವತ್ತಿನಿಂದ ನನ್ನ ಕೆಲಸ ನಡೆಯೋ ಕಡೆ ಬಂದು, ಇಟ್ಟಿಗೆ ರಾಶಿಯ ಮೇಲೆ ಕೂತು ಹೋಗುವುದು ರೂಢಿಯಾಯಿತು.

ಅದೇ ಅವರ ಮಾತು. ಯಾರು ಗೊತ್ತಾಯಿತು ಅಂದರೂ ಏನು ಗೊತ್ತಾಯಿತು ಅಂತ ಕೇಳೋರು. ಬಸ್ ಕಂಡಕ್ಟರನ್ನೂ ಬಿಡಲಿಲ್ಲ. ಇನ್ನೊಂದು ಅಭ್ಯಾಸ ಇತ್ತು. ಕೈ ತೊಳೆಯುವ ಪಾಠ ಹೇಳುವಾಗ ನೀರಿಲ್ಲದೆ ಗಾಳಿಯಲ್ಲೇ ಕೈ ಉಜ್ಜಿ ತೋರಿಸುತ್ತಿದ್ದರು. ಪಾಠ ಮುಗಿದು, ಬಸ್ಸಿನಲ್ಲಿ ಕೂತ ಮೇಲೂ ಕೈ ಹಾಗೇ ಉಜ್ಜಿಕೊಳ್ಳುತ್ತಿತ್ತು. "ಚಳಿಯಾ ಸಾ?" ಅಂತ ಪಕ್ಕದವರು ಕೇಳೋರು.

ಮಲೇರಿಯಾ ಕೆಲಸಕ್ಕೆ ದಿನಗೂಲಿಯಾಗಿ ಸೇರಿದ್ದವರು, ಪರ್ಮನೆಂಟ್ ಆಗುವ ಹೊತ್ತಿಗೆ ಹನ್ನೊಂದು ವರ್ಷ ಹೋಗಿತ್ತು. ಆ ವರ್ಷಗಳು ಪೆನ್ಷನ್ನಿಗೆ ಲೆಕ್ಕಕ್ಕಿರಲಿಲ್ಲ. ಗೋವಿಂದನಹಳ್ಳಿ ಕಡೆಯ ತಮ್ಮ ಪಾಲಿನ ಜಮೀನು ಮಾರಿ ಕೆ.ಆರ್. ಪೇಟೆಯಲ್ಲಿ ಸೈಟು ಮಾಡಿದ್ದರು. ಪಾಯ ಹಾಕಿದ್ದು ನಾನೇ. ಸಂಬಳದಲ್ಲಿ ಉಳಿದಾಗ ಒಂದು ಲೋಡು ಇಟ್ಟಿಗೆ, ಉಳಿಯದಿದ್ದಾಗ ಸುಮ್ಮನೆ. ಹೀಗೆ ನಾಲ್ಕು ವರ್ಷಕ್ಕೆ ಗೋಡೆ ಬಾಗಿಲ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದು ನಿಂತಿತ್ತು. "ಮೋಲ್ಡ್ ಒಂದ್ ಬಿದ್ಬುಟ್ರೆ ಸಾಕು ಕಣಯ್ಯ, ನಾನೂ ನಮ್ಮನೆಯವ್ಳೂ ಸಾಮಾನು ಎತ್ತಾಕ್ಕೊಂಡ್ ಬಂದ್ಬುಡ್ತೀವಿ. ಕಿಟಕಿಗೆ ಗೋಣಿತಾಟು ಕಟ್ಕೋತೀವಿ" ಅನ್ನುತ್ತಿದ್ದರು. ಮೋಲ್ಡ್ ಅಂದರೆ ಕಾಂಕ್ರೀಟಿನ ಸೂರು. ಎಂಟು ಚದರಕ್ಕೆ ಐವತ್ತು ಸಾವಿರ ಆಗುತ್ತದೆ ಅಂತ ಹೇಳಿದ್ದೆ. ಅವರಿಗೆ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು.

ಆಗ ಬಂತು ಕಂಪ್ಯೂಟರಿನ ವಿಷಯ. ೧೯೯೬. ಮೈಸೂರಿನ ಒಂದು ಟ್ರಸ್ಟಿನವರು ಇವರನ್ನು ಕರೆಸಿ, ನಾಲ್ಕು ತಾಲ್ಲೂಕಿನ ಆಸ್ಪತ್ರೆಯಲ್ಲಿ ಹೆಂಗಸರು ಡಾಕ್ಟರಿಗೆ ಕಾಯುವ ಜಾಗದಲ್ಲಿ ಒಂದೊಂದು ಕಂಪ್ಯೂಟರ್ ಇಡುತ್ತೇವೆ, ಅದರೊಳಗೆ ಕನ್ನಡದಲ್ಲಿ ಎಂಟು ಪಾಠ ಇರಬೇಕು, ಚಿತ್ರ ಕಾಣಬೇಕು, ಧ್ವನಿ ಕೇಳಬೇಕು, ಒಂದು ಗುಂಡಿ ಒತ್ತಿದರೆ ಪಾಠ ಶುರುವಾಗಬೇಕು ಅಂದರು. ಕಂಪ್ಯೂಟರ್ ನಾವು ಕೊಳ್ಳುತ್ತೇವೆ, ಪಾಠ ಮಾಡಿಸಲು ಎಷ್ಟಾಗುತ್ತದೆ ಬರೆದು ತನ್ನಿ, ನಿವೃತ್ತಿ ಆದಮೇಲೆ ಎರಡು ವರ್ಷ ನೀವೇ ಇದನ್ನು ನೋಡಿಕೊಳ್ಳಿ, ನಿಮ್ಮ ಸಂಬಳವನ್ನೂ ಸೇರಿಸಿ ಬರೆಯಿರಿ ಅಂದರು.

ಒಂದು ಭಾನುವಾರ ಚಿನಕುರಳಿಗೆ ಬಂದು ನನ್ನ ಮನೆ ಜಗುಲಿಯ ಮೇಲೆ ಕೂತರು.

"ಮೇಸ್ತ್ರಿ, ಶ್ರೀರಂಗಪಟ್ಟಣದ ಕಂಪ್ಯೂಟರಿನೋನು ಒಂದು ಲಕ್ಷ ಅಂತಾನೆ. ಮೈಸೂರೋನು ಆರು ಲಕ್ಷ ಅಂತಾನೆ. ಯಾಕಪ್ಪ ಅಂದ್ರೆ ಇಬ್ರೂ ಸಾಫ್ಟ್‌ವೇರು ಸಾರ್, ಅದು ಅಂಗೇಯ ಅಂತಾರೆ. ಕಣ್ಗೆ ಕಾಣ್ದಿರೋ ಸಾಮಾನಿಗೆ ರೇಟು ಎಂಗ್ ಕಟ್ಟದು?"

"ಕಟ್ಟೋಗಂಟ ಯಾವ ಮನೆ ಕಣ್ಗೆ ಕಂಡದೆ ಸಾ? ಏಳಿ, ಎಷ್ಟು ರೂಮು?"

"ರೂಮಲ್ಲ ಕಣಯ್ಯ. ಪಾಠ. ಎಂಟು."

"ಒಂದು ಪಾಠಕ್ಕೆ ಎಷ್ಟು ಕಲ್ಲು?"

ಅವರು ನಕ್ಕರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಯೋಚಿಸಿದರು. ಪಟದ ಸುರುಳಿ ಬಿಚ್ಚಿ ತೋರಿಸಿದರು. ಒಂದು ಪಾಠಕ್ಕೆ ನಲವತ್ತು ಪರದೆ ಆಗಬಹುದು ಅಂದರು. ಒಂದು ಪರದೆಗೆ ಒಂದು ಚಿತ್ರ, ನಾಲ್ಕು ಮಾತು, ಆ ಮಾತಿನ ಧ್ವನಿ, ಇಷ್ಟನ್ನೂ ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ. ನಾನು ಚೀಲದ ಕಾಗದದ ಮೇಲೆ ಗೆರೆ ಎಳೆದೆ. ಚಿತ್ರದವನ ದಿನ, ಧ್ವನಿಯವರ ದಿನ, ಕಂಪ್ಯೂಟರಿನವನ ದಿನ.

"ಒಂದ್ ಚಿತ್ರಕ್ಕೆ ಎಷ್ಟ್ ದಿನ ಅಂತ ನಂಗೇನ್ ಗೊತ್ತು?" ಅಂದರು.

"ಗೊತ್ತಿಲ್ದಿದ್ರೆ ಒಂದ್ ರೂಮ್ ಕಟ್ಟಿ ನೋಡದು ಸಾ. ಎಷ್ಟ್ ದಿನ ಇಡೀತೋ ಎಂಟ್ರಿಂದ ಗುಣಿಸ್ಕೊಳದು."

ಹಾಗೇ ಮಾಡಿದೆವು. ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿನವನನ್ನು ಒಪ್ಪಿಸಿ, ವಾಂತಿಭೇದಿ ಆದಾಗ ಉಪ್ಪು ಸಕ್ಕರೆ ನೀರು ಕುಡಿಸುವ ಪಾಠ ಒಂದನ್ನೇ ಮಾಡಿಸಿದರು. ನಾನು ಆಳಿನ ಹಾಜರಿ ಹಾಕುವ ಹಾಗೆ ದಿನ ಬರೆದುಕೊಂಡೆ. ಪಾಠ ಆದಮೇಲೆ ಅದನ್ನು ಹತ್ತು ಹೆಂಗಸರಿಗೆ ತೋರಿಸಿದರು. ಒಂದು ಲೀಟರ್ ನೀರಿಗೆ ಆಸ್ಪತ್ರೆಯಲ್ಲಿ ಕೊಡುವ ಉಪ್ಪು ಸಕ್ಕರೆ ಪುಡಿ ಒಂದು ಪ್ಯಾಕೆಟ್ಟು ಅಂತ ಧ್ವನಿ ಹೇಳಿತು. ಎಲ್ಲರೂ ಗೊತ್ತಾಯಿತು ಅಂದರು. ಇವರು ಬಿಡುತ್ತಾರಾ? "ಲೀಟರ್ ಎಷ್ಟು, ನಿಮ್ಮನೆ ಚೊಂಬಲ್ಲಿ ತೋರ್ಸವ್ವ" ಅಂದರು. ಹತ್ತು ಚೊಂಬು ಬಂದವು. ಒಂದರ ಹಾಗೆ ಇನ್ನೊಂದಿಲ್ಲ. ಎಣ್ಣೆ ಅಳೆಯುವ ಲೀಟರ್ ತಂದು ಒಂದೊಂದನ್ನೂ ಅಳೆದರು. ಒಂದಕ್ಕೆ ಮುಕ್ಕಾಲು ಹಿಡಿಯಿತು, ಒಂದಕ್ಕೆ ಒಂದೂವರೆ.

"ತಗುದಾಕು" ಅಂದರು ಕಂಪ್ಯೂಟರಿನವನಿಗೆ.

"ಸಾರ್, ಹನ್ನೆರಡು ಪರದೆ ಹೋಗುತ್ತೆ."

"ಹೋಗ್ಲಿ."

ನಾನು ಚೀಟಿಯಲ್ಲಿ ಹೊಸ ಬಾಬ್ತು ಬರೆದೆ: ಕೆಡವಿ ಮತ್ತೆ ಕಟ್ಟುವುದು. ಯಾವ ಮನೆಯಲ್ಲೂ ಒಂದು ಗೋಡೆ ಕೆಡವಲೇಬೇಕಾಗುತ್ತದೆ. ಬಾಗಿಲು ನಿಲ್ಲಿಸಿದ ಮೇಲೆ ಮನೆಯಾಕೆ ಬಂದು, ಒಲೆ ಈ ಕಡೆ ಬರಬೇಕಿತ್ತು ಅನ್ನುತ್ತಾಳೆ. ಅದಕ್ಕೆ ದುಡ್ಡು ಹಾಕದ ಎಸ್ಟಿಮೇಟು ನಿಲ್ಲುವುದಿಲ್ಲ. ಎಂಬತ್ತು ಸಾವಿರ ಹಾಕಿದೆ.

ಇನ್ನೊಂದು ಜಗಳ ಆಯಿತು. ಪ್ರತಿ ಪಾಠದ ಕೊನೆಗೆ ಧ್ವನಿ "ಏನು ಗೊತ್ತಾಯ್ತು? ಹೇಳಿ" ಅಂತ ಕೇಳಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕು ಅಂದರು ಹೆಲ್ತ್ ಸಾರು. ಕಂಪ್ಯೂಟರಿನವನು ತಲೆ ಕೆರೆದುಕೊಂಡ. "ಸಾರ್, ಕಂಪ್ಯೂಟರಿಗೆ ಕಿವಿ ಕೇಳಲ್ಲ."

"ಅದುಕ್ ಕೇಳ್ದಿದ್ರೆ ಕತ್ತೆ ಬಾಲ. ಪಕ್ಕದಲ್ ಕೂತಿರೋಳ್ಗೆ ಕೇಳ್ತದಲ್ಲ."

ಅವನು ಆ ಸುಮ್ಮನಿರುವ ಪರದೆಗೂ ಮಾಮೂಲಿ ರೇಟೇ ಕೇಳಿದ. ಸಾರು ನನ್ನ ಮುಖ ನೋಡಿದರು. "ಕೊಡ್ಬೇಕು ಸಾ. ಕಿಟಕಿ ಜಾಗದಲ್ಲಿ ಇಟ್ಟಿಗೆ ಇರಾಕಿಲ್ಲ, ಆದ್ರೂ ಕೂಲಿ ಲೆಕ್ಕದಲ್ಲಿ ಅದುನ್ನ ಕಳೆಯಾಕಿಲ್ಲ" ಅಂದೆ.

ಮೂರನೇ ಭಾನುವಾರ ಎಲ್ಲವನ್ನೂ ಕೂಡಿಸಲು ಕೂತೆವು. ಕೊನೆಯ ಸಾಲಿನಲ್ಲಿ ಅವರೇ ಪೆನ್ಸಿಲಿನಲ್ಲಿ ಬರೆದಿದ್ದರು: ಪಾಠ ಬರೆದು ಕೆಲಸ ನೋಡಿಕೊಳ್ಳುವವರಿಗೆ ತಿಂಗಳಿಗೆ ಎರಡು ಸಾವಿರದಂತೆ ಇಪ್ಪತ್ನಾಲ್ಕು ತಿಂಗಳು, ನಲವತ್ತೆಂಟು ಸಾವಿರ.

ನಾನು ರಬ್ಬರು ತಗೊಂಡು ಆ ಸಾಲು ಅಳಿಸಿದೆ.

"ಯಾಕ್ಲಾ?" ಅಂದರು. ಅವರು ನನ್ನನ್ನು ಲಾ ಅಂದದ್ದು ಆ ಒಂದೇ ಸಲ.

"ಮೇಸ್ತ್ರಿ ತನ್ ಕೂಲಿ ಬರ್ಯಾಕಿಲ್ಲ ಸಾ. ಬರುದ್ರೆ, ಇವ್ನು ತನ್ ಒಟ್ಟೆ ನೋಡ್ಕೋತಾವ್ನೆ ಅಂತಾರೆ, ಕೆಲ್ಸ ಕೈ ತಪ್ತದೆ. ಕೊನೇಲಿ ಉಳಿಯದೇ ನಮ್ದು. ಕೆಡವೋ ಬಾಬ್ತಲ್ಲಿ ಅರ್ಧ ಉಳೀತದೆ. ನಲವತ್ತು ಸಾವಿರ. ಬರ್ದಿಟ್ಕೊಳಿ."

"ಟ್ರಸ್ಟ್ನೋರೇ ಬರೀರಿ ಅಂದವ್ರಲ್ಲಯ್ಯ?"

"ಎಲ್ರೂ ಅಂಗೇ ಅನ್ನದು ಸಾ, ಆಮೇಲೆ ಅದ್ನೇ ಇಡ್ಕೊಳದು. ನಾನ್ ಎಷ್ಟ್ ಮನೆ ಕಟ್ಟಿಲ್ಲ?"

ಅವರು ಸ್ವಲ್ಪ ಹೊತ್ತು ಕೈ ಉಜ್ಜಿಕೊಂಡರು. "ಗೊತ್ತಾಯ್ತು" ಅಂದರು. ಏನು ಗೊತ್ತಾಯಿತು ಅಂತ ನಾನು ಕೇಳಲಿಲ್ಲ.

ಮೈಸೂರಿನ ಮೀಟಿಂಗಿಗೆ ನನ್ನನ್ನೂ ಕರೆದುಕೊಂಡು ಹೋದರು. ಇಸ್ತ್ರಿ ಮಾಡಿಸಿದ ಅಂಗಿ ಹಾಕಿದ್ದೆ. ಉದ್ದನೆ ಮೇಜು, ಆರು ಜನ. ಮಧ್ಯದಲ್ಲಿ ಬಿಳಿ ಕೂದಲಿನ ಅಧ್ಯಕ್ಷೆ. ಒಟ್ಟು ಮೂರು ಲಕ್ಷದ ನಲವತ್ತು ಸಾವಿರ. ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು.

"ಇದೇನಿದು, ಕೆಡವಿ ಮತ್ತೆ ಕಟ್ಟುವುದು?"

ಸಾರು ಚೊಂಬಿನ ವಿಷಯ ಹೇಳಿದರು. ಆಕೆ ನಕ್ಕು, "ಈ ಎಸ್ಟಿಮೇಟ್ ಯಾರು ಹಾಕಿದ್ದು? ಕಂಪ್ಯೂಟರ್ ಕಂಪನಿಯವರದೂ ಇಷ್ಟು ಬಿಡಿಬಿಡಿಯಾಗಿ ಇರಲ್ಲ" ಅಂದರು.

"ಇವ್ರು ಮೇಡಂ. ನಮ್ಮ ಚಿನಕುರಳಿ ಮೇಸ್ತ್ರಿ."

"ಎಷ್ಟು ಓದಿದೀರಿ?"

"ಏಳನೇ ಕ್ಲಾಸು. ಅದೂ ಅರ್ಧ" ಅಂದೆ. ತಲೆ ಎತ್ತಿಯೇ ಹೇಳಿದೆ.

ಆಮೇಲೆ ಆಕೆ ಕಾಗದ ತಿರುಗಿಸಿ ನೋಡಿದರು. "ಎಲ್ಲ ಸರಿ. ನಿಮ್ಮ ಸಂಬಳ ಎಲ್ಲಿ? ಸೇರಿಸಿ ಅಂತ ಹೇಳಿದ್ವಲ್ಲ?"

ಸಾರು ನನ್ನ ಕಡೆ ನೋಡಿದರು. ನಾನು ಬೇಡ ಅಂತ ಕತ್ತು ಆಡಿಸಿದೆ.

"ಬೇಡ ಮೇಡಂ" ಅಂದರು.

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. ಆಮೇಲೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. "ಸೇವೆ ಅಂದ್ರೆ ಇದು. ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಇಂಥವರು" ಅಂದರು ಅಧ್ಯಕ್ಷೆ. ನಾನೂ ತಟ್ಟಿದೆ. ನನ್ನ ಎಸ್ಟಿಮೇಟಿಗೆ ತಟ್ಟುತ್ತಿದ್ದಾರೆ ಅಂದುಕೊಂಡಿದ್ದೆ. ಒಂದು ರೂಪಾಯಿ ಕಡಿಮೆ ಮಾಡದೆ ಅವತ್ತೇ ಮಂಜೂರಾಯಿತು. ಬಸ್ಸಿನಲ್ಲಿ ಬರುವಾಗ ನಾನೇ ಮಾತಾಡಿದ್ದು, ಅವರು ಕೈ ಉಜ್ಜಿಕೊಳ್ಳುತ್ತ ಕೂತಿದ್ದರು.

ಕೆಲಸ ಎರಡು ವರ್ಷ ನಡೆಯಿತು. ನಿವೃತ್ತಿಯಾದ ಮಾರನೇ ದಿನದಿಂದ ಅವರು ಅದರಲ್ಲೇ ಇದ್ದರು. ಧ್ವನಿಗೆ ಮೊದಲು ಮೈಸೂರಿನ ಒಬ್ಬ ಹುಡುಗಿಯನ್ನು ಕರೆಸಿದ್ದರು. ಹಳ್ಳಿ ಹೆಂಗಸರು ಕೇಳಿ, "ಯಾರೋ ದೊಡ್ಡೋರು ಬೈತಾವ್ರೆ" ಅಂದರು. ಅದನ್ನೂ ಕೆಡವಿ ನಾಗಮಂಗಲದ ಆಸ್ಪತ್ರೆ ಆಯಾಳ ಕೈಲಿ ಹೇಳಿಸಿದರು. ಆಕೆಗೆ ದಿನಕ್ಕಿಷ್ಟು ಅಂತ ಕೊಟ್ಟು, ರಸೀದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಎಲ್ಲಕ್ಕೂ ರಸೀದಿ. ನಾಲ್ಕು ಕಡೆ ಕಂಪ್ಯೂಟರ್ ಇಡಲು ಗ್ರಾನೈಟಿನ ಕಟ್ಟೆ ಕಟ್ಟಿದವನು ನಾನು. ನನಗೂ ಕೂಲಿ ಕೊಟ್ಟು ರಸೀದಿ ತಗೊಂಡರು.

ಕೊನೆಯ ಕಟ್ಟೆ ನಾಗಮಂಗಲದ್ದು. ಕಂಪ್ಯೂಟರ್ ಇಟ್ಟ ದಿನ ನಾನೂ ಇದ್ದೆ. ಪಾಠ ಮುಗಿದು "ಏನು ಗೊತ್ತಾಯ್ತು? ಹೇಳಿ" ಅಂದಿತು. ಮುಂದೆ ಕೂತಿದ್ದ ಮುದುಕಿ ಬೆಚ್ಚಿ, "ಅಯ್ಯೋ ತಡಿಯಪ್ಪ, ಏಳ್ತೀನಿ" ಅಂತ ಸೆರಗು ಸರಿಮಾಡಿಕೊಂಡು ಪೂರ್ತಿ ಹೇಳಿದಳು. ಪಕ್ಕದಲ್ಲಿದ್ದ ಬಸುರಿ ಹೆಂಗಸು, "ಅಜ್ಜಿ, ಚೊಂಬಿನ್ ಇಚಾರ ಬುಟ್ಬುಟ್ಟೆ" ಅಂದಳು. ಸಾರು ಗೋಡೆಗೆ ಒರಗಿ ನಿಂತಿದ್ದರು. ಅವರು ಬಾಯಿ ತುಂಬ ನಕ್ಕಿದ್ದನ್ನು ಅವತ್ತು ನೋಡಿದೆ.

ಹೊರಗೆ ಬೀಡಿ ಹಚ್ಚಿ ನಿಂತಿದ್ದಾಗ ಕಂಪ್ಯೂಟರಿನವನು ಹತ್ತಿರ ಬಂದ. "ಮೇಸ್ತ್ರಿ, ಸಾರು ಉಳಿದ ದುಡ್ಡೆಲ್ಲ ಟ್ರಸ್ಟಿಗೆ ವಾಪಸ್ ಕಟ್ಟಿಬಿಟ್ರು, ಗೊತ್ತಾ? ಎರಡು ವರ್ಷ ಒಂದ್ ಪೈಸೆ ಮುಟ್ಟಿಲ್ಲ" ಅಂದ.

ಬೀಡಿ ಎಸೆದು ಒಳಗೆ ಹೋಗಿ ಕೇಳಿದೆ. "ಸಾ, ಉಳಿದಿದ್ದೇನಾಯ್ತು?"

"ಚೆಕ್ ಬರ್ದು ಕಳ್ಸುದೆ ಕಣಯ್ಯ."

"ಅದು ನಿಮ್ದಲ್ವಾ?"

"ಸೇವೆ ಅಂತ ಚಪ್ಪಾಳೆ ತಟ್ಬುಟ್ರಲ್ಲಪ್ಪ. ಆಮೇಲೆ ಎಂಗ್ ಎತ್ಕೊಳದು? ರಸೀದಿ ಇಲ್ದೆ ಎಂಗ್ ಎತ್ಕೊಳದು?"

"ಕೇಳ್ಬೋದಿತ್ತು."

"ನಿಂದೇನ್ ತಪ್ಪಾಗಿಲ್ಲ ಬುಡು. ಎಸ್ಟಿಮೇಟು ಕರೆಕ್ಟಾಗಿತ್ತು. ನಲವತ್ತು ಅಂದಿದ್ದೆ, ನಲವತ್ತೊಂದು ಉಳೀತು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಟ್ಟೆಯ ಮೂಲೆಯಲ್ಲಿ ಸಿಮೆಂಟು ಸ್ವಲ್ಪ ಅಂಟಿತ್ತು. ಅದನ್ನು ಉಗುರಿನಲ್ಲಿ ಕೆರೆದು ತೆಗೆದೆ. ಚಿನಕುರಳಿಗೆ ಬಸ್ಸಿನಲ್ಲಿ ಬಂದೆ. ಊಟ ಮಾಡಿದೆ.

ಆಮೇಲೆ ಅವರು ಕಬ್ಬಿನ ಲಾರಿ ತೂಗುವ ಕಡೆ ಚೀಟಿ ಬರೆಯುವ ಕೆಲಸಕ್ಕೆ ಸೇರಿದರು. ಬಾಡಿಗೆ ಮನೆಯಲ್ಲೇ ಇದ್ದರು. ಹೋದ ವರ್ಷ ನಾನು ಅವರ ಮೋಲ್ಡಿನ ಎಸ್ಟಿಮೇಟ್ ಬರೆದುಕೊಂಡು ಆ ಲಾರಿ ತೂಗುವ ಜಾಗಕ್ಕೆ ಹೋದೆ. ಕಬ್ಬಿಣ, ಸಿಮೆಂಟು, ಜಲ್ಲಿ ಎಲ್ಲ ನಾನು ಹಾಕುತ್ತೇನೆ, ನಿಧಾನಕ್ಕೆ ತೀರಿಸಿ ಅಂದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಇದ್ರಲ್ಲಿ ನಿನ್ ಕೂಲಿ ಎಲ್ಲೈತೆ?"

"ನಂದು ಬ್ಯಾಡ ಸಾ."

"ಅಂಗಾದ್ರೆ ಇದು ಎಸ್ಟಿಮೇಟಲ್ಲ ಕಣಯ್ಯ. ನಿಂದೂ ಬರ್ಕೊಂಡ್ ಬಾ, ಆಮೇಲ್ ಮಾತಾಡಾನ." ಕಾಗದ ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗೆ ಇಟ್ಟರು. ಲಾರಿ ಬಂತು. ಎದ್ದು ಹೋದರು.

ನಾನು ಬರೆದುಕೊಂಡು ಹೋಗಲಿಲ್ಲ. ನನ್ನ ಕೂಲಿ ಸೇರಿಸಿದರೆ ಅವರ ಕೈಗೆ ಎಟುಕುತ್ತಿರಲಿಲ್ಲ. ಸೇರಿಸದಿದ್ದರೆ ಅವರು ಒಪ್ಪುತ್ತಿರಲಿಲ್ಲ. ಬರೆಯಲು ಕೂತಾಗೆಲ್ಲ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆಮೇಲೆ ಮಳೆ ಬಂತು, ಬೇರೆ ಕೆಲಸ ಬಂತು.

ಸುದ್ದಿ ತಂದದ್ದು ಕಂಪ್ಯೂಟರಿನವನೇ. ಮೂರು ದಿನ ಜ್ವರ, ನಾಲ್ಕನೇ ದಿನ ಇಲ್ಲ. ನನ್ನದು ಪಾಂಡವಪುರದಲ್ಲಿ ಗೋಡೆಗೆ ಗಿಲಾವು ನಡೆಯುತ್ತಿತ್ತು. ಕಲಸಿದ ಗಾರೆ ಒಣಗುತ್ತದೆ ಅಂತ ಆ ಗೋಡೆ ಮುಗಿಸಿ ಹೋದೆ. ಹೋಗುವ ಹೊತ್ತಿಗೆ ಮಣ್ಣು ಆಗಿತ್ತು. ಅವರ ಹೆಂಡತಿ ನನ್ನನ್ನು ನೋಡಿ, "ಬಂದ್ರಾ ಮೇಸ್ತ್ರಿ, ಕಾಫಿ ಕುಡೀರಿ" ಅಂದರು. ಸೈಟು ಮಾರುತ್ತೇನೆ, ಗೋಡೆ ಇರೋದಕ್ಕೆ ಎಷ್ಟು ಜಾಸ್ತಿ ಬರಬಹುದು ಅಂತ ಕೇಳಿದರು. ಜಾಸ್ತಿ ಬರುವುದಿಲ್ಲ, ಕೊಳ್ಳುವವರು ಕೆಡವುತ್ತಾರೆ, ಕೆಡವುವ ಖರ್ಚು ಹಿಡಿದುಕೊಳ್ಳುತ್ತಾರೆ ಅಂದೆ. ಕೇಳಿದ್ದಕ್ಕೆ ಸರಿಯಾದ ಲೆಕ್ಕ ಹೇಳಬೇಕಿತ್ತು, ಹೇಳಿದೆ.

ಅವರು ಆ ಕಾಗದ ನನ್ನ ಜೇಬಿಗೆ ವಾಪಸ್ ಇಟ್ಟ ಮೇಲೆ, ಈ ಎಂಟು ತಿಂಗಳಿಂದ ನಾನು ಎಸ್ಟಿಮೇಟಿನ ಮೊದಲ ಸಾಲಿಗೆ ನನ್ನ ಕೂಲಿ ಬರೆಯುತ್ತಿದ್ದೇನೆ. ಅದರಿಂದ ಎರಡು ಮನೆ ಕೈ ತಪ್ಪಿದವು. ತಪ್ಪಲಿ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಚಿನಕುರಳಿಯಲ್ಲಿ ಒಂಬತ್ತು ಚದರದ ಸ್ವಂತ ಮನೆ. ಒಂದು ಮೊಪೆಡ್ಡು. ಮೋಲ್ಡಿನ ಕೆಳಗೆ ಹಾಸುವ ಸೆಂಟ್ರಿಂಗ್ ಷೀಟು ನೂರಾ ಅರವತ್ತು. ಹದಿನಾಲ್ಕು ಆಳು. ಕೈಯಲ್ಲಿ ಮೂರು ಕೆಲಸ. ಸಾಲ ಇಲ್ಲ. ಇವತ್ತಿನವರೆಗೆ ಪಾಯ ಹಾಕಿ ಮೇಲೆಬ್ಬಿಸಿದ ಮನೆ, ಕೈಯಲ್ಲಿರುವ ಮೂರು ಬಿಟ್ಟು, ಎಂಬತ್ತಾರು. ಸೂರು ಹಾಕಿದ್ದು ಎಂಬತ್ತೈದಕ್ಕೆ.